ಪಟ್ಟಾ, ಕಾಲುವೆ, ವಾರಸು: ಸಿಂಧನೂರು, ಲಿಂಗಸುಗೂರು, ಮಸ್ಕಿ ಸೀಮೆಯ ದಲಿತ ಹಿಡುವಳಿಗಳ ಇತಿಹಾಸ

ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ನಡುವಣ ಸೀಮೆಯನ್ನು ಹಳೆಯ ಕನ್ನಡ ಶಾಸನಗಳು ಎಡೆದೊರೆ ನಾಡೆಂದು ಕರೆದಿವೆ. ಮುಂದೆ ಅದೇ ರಾಯಚೂರು ದೋಆಬ್ ಎನಿಸಿಕೊಂಡು, ವಿಜಯನಗರದ ಅರಸರೂ ಬಹಮನಿ ಮತ್ತು ಆದಿಲ್‌ಶಾಹಿ ಸುಲ್ತಾನರೂ ಶತಮಾನಗಳ ಕಾಲ ಕಾದಾಡಿದ ನೆಲವಾಯಿತು. ಆ ಯುದ್ಧಗಳ ಚರಿತ್ರೆ ಗ್ರಂಥಗಳಲ್ಲಿ ವಿಸ್ತಾರವಾಗಿ ದೊರೆಯುತ್ತದೆ. ಆದರೆ ಅದೇ ನೆಲವನ್ನು ತಲೆತಲಾಂತರದಿಂದ ಉತ್ತು ಬಿತ್ತಿದ ಮಾದಿಗ, ಹೊಲೆಯ ಮುಂತಾದ ದಲಿತ ಕುಟುಂಬಗಳ ಕೈಗೆ ಒಂದೆರಡು ಎಕರೆ ಭೂಮಿ ಯಾವಾಗ ಬಂತು, ಬಂದದ್ದು ಮಕ್ಕಳು ಮೊಮ್ಮಕ್ಕಳವರೆಗೆ ಹೇಗೆ ದಾಟಿತು, ಎಲ್ಲಿ ದಾರಿಯಲ್ಲೇ ಕೈತಪ್ಪಿತು ಎಂಬುದರ ಚರಿತ್ರೆ ಪಹಣಿಗಳಲ್ಲಿ, ಖಾತಾ ಬದಲಾವಣೆಯ ವಹಿಗಳಲ್ಲಿ, ಉಪವಿಭಾಗಾಧಿಕಾರಿಗಳ ಕಚೇರಿಯ ಕಡತಗಳಲ್ಲಿ ಚದುರಿ ಬಿದ್ದಿದೆ. ಆ ಚರಿತ್ರೆಯ ಮುಖ್ಯ ಸಂಗತಿಯನ್ನು ಆರಂಭದಲ್ಲೇ ಹೇಳಬಹುದು: ಈ ಸೀಮೆಯಲ್ಲಿ ಸರ್ಕಾರ ದಲಿತರಿಗೆ ಭೂಮಿ ಕೊಟ್ಟ ಕಾಲ ಮತ್ತು ಕಾಲುವೆಯ ನೀರಿನಿಂದ ಭೂಮಿಗೆ ಬೆಲೆ ಬಂದ ಕಾಲ ಹೆಚ್ಚುಕಡಿಮೆ ಒಂದೇ ಆಗಿದ್ದವು, ಭೂಮಿಯ ಜೊತೆಗೆ ಅದನ್ನು ಉಳಿಸಿಕೊಳ್ಳಲು ಬೇಕಾದ ಬಂಡವಾಳವನ್ನು ಕೊಡದೆ ಹೋದುದರಿಂದ, ಆಸ್ತಿಯೆನಿಸಿಕೊಳ್ಳುವ ಹೊತ್ತಿಗೆ ಸರಿಯಾಗಿ ಅದು ಬಹಳಷ್ಟು ಕುಟುಂಬಗಳ ಕೈಬಿಟ್ಟಿತು.

ನಿಜಾಮರ ಆಳ್ವಿಕೆಯಲ್ಲಿ ಈ ಪ್ರದೇಶ ಹೈದರಾಬಾದ್ ಸಂಸ್ಥಾನಕ್ಕೆ ಸೇರಿತ್ತು. 1853ರಲ್ಲಿ ದೋಆಬು ಬ್ರಿಟಿಷರ ಆಡಳಿತಕ್ಕೆ ಹೋಗಿ 1860ರಲ್ಲಿ ಮರಳಿ ನಿಜಾಮರಿಗೆ ಬಂತು. ಲಿಂಗಸುಗೂರು ಕೆಲವು ಕಾಲ ಒಂದು ಜಿಲ್ಲೆಯ ಕೇಂದ್ರವೂ ಆಗಿತ್ತು. ಆ ಕಾಲದ ದಲಿತ ಕುಟುಂಬಗಳಿಗೆ ಭೂಮಿಯ ಸಂಬಂಧ ಇದ್ದರೆ ಅದು ಬಹುಮಟ್ಟಿಗೆ ಚಾಕರಿಯ ಮೂಲಕ. ಊರಿನ ಕಾವಲು, ಕಂದಾಯ ವಸೂಲಿಗೆ ಜನರನ್ನು ಕರೆತರುವುದು, ಸತ್ತ ದನ ಸಾಗಿಸುವುದು, ಕೆರೆಯ ನೀರು ಬಿಡುವುದು ಇಂಥ ಕೆಲಸಗಳನ್ನು ವಂಶಪಾರಂಪರ್ಯವಾಗಿ ಮಾಡುವ ವಾಲಿಕಾರ, ತಳವಾರ, ಸೇತಸಿಂಧಿ ಮುಂತಾದವರಿಗೆ ಚಾಕರಿ ಇನಾಮಿನ ತುಂಡು ಭೂಮಿ ಇರುತ್ತಿತ್ತು. ಇನಾಮು ಎಂದರೆ ಕಂದಾಯವಿಲ್ಲದೆ ಅಥವಾ ಕಡಿಮೆ ಕಂದಾಯಕ್ಕೆ ಬಿಟ್ಟ ಭೂಮಿ. ತಂದೆಯಿಂದ ಮಗನಿಗೆ ಬರುತ್ತಿದ್ದುದರಿಂದ ಇದನ್ನು ಪಿತ್ರಾರ್ಜಿತ ಆಸ್ತಿಯೆಂದು ಭಾವಿಸುವುದುಂಟು, ಆದರೆ ಆ ಭಾವನೆ ಅರ್ಧ ಸತ್ಯ ಮಾತ್ರ. ಮಗನಿಗೆ ನಿಜವಾಗಿ ಬರುತ್ತಿದ್ದುದು ಚಾಕರಿ. ಭೂಮಿ ಅದರ ಬಾಲದಂತೆ ಹಿಂದೆ ಬರುತ್ತಿತ್ತು, ಚಾಕರಿ ಬಿಟ್ಟವನಿಗೆ ಭೂಮಿಯೂ ಬಿಟ್ಟುಹೋಗುತ್ತಿತ್ತು.

ಇನಾಮೂ ಇಲ್ಲದವರ ಪಾಡು ಇನ್ನೂ ಕಠಿಣವಾಗಿತ್ತು. ಮದುವೆಗೋ ಹೊಟ್ಟೆಗೋ ಮಾಡಿದ ಸಾಲಕ್ಕೆ ಬದಲಾಗಿ ಒಡೆಯನ ಹೊಲಮನೆಯಲ್ಲಿ ವರ್ಷಗಟ್ಟಲೆ ದುಡಿಯುವ ಪದ್ಧತಿಯನ್ನು ಕನ್ನಡ ಭಾಗದಲ್ಲಿ ಜೀತವೆಂದೂ ಸಂಸ್ಥಾನದ ಆಡಳಿತದ ಭಾಷೆಯಲ್ಲಿ ಭಗೇಲಾ ಎಂದೂ ಕರೆಯುತ್ತಿದ್ದರು. ಇದನ್ನು ಹತೋಟಿಗೆ ತರಲು ನಿಜಾಮ್ ಸರ್ಕಾರ 1936ರಲ್ಲೇ ಭಗೇಲಾ ಕರಾರುಗಳ ನಿಬಂಧನೆಯೊಂದನ್ನು ಹೊರಡಿಸಿತ್ತು, ಆದರೂ 1976ರಲ್ಲಿ ಜೀತ ಪದ್ಧತಿ ನಿರ್ಮೂಲನ ಕಾಯ್ದೆಯನ್ನು ಸಂಸತ್ತು ಮಾಡಬೇಕಾಗಿ ಬಂದುದೇ ಆ ನಿಬಂಧನೆ ಎಷ್ಟು ದೂರ ಸಾಗಿತೆಂಬುದಕ್ಕೆ ಸಾಕ್ಷಿ. ತಲೆಮಾರಿನಿಂದ ತಲೆಮಾರಿಗೆ ದಾಟುವುದು ಆಸ್ತಿಯೊಂದೇ ಅಲ್ಲ, ಸಾಲವೂ ದಾಟುತ್ತದೆ. ತಂದೆಯ ಸಾಲಕ್ಕೆ ಮಗ ಜೀತಕ್ಕೆ ನಿಂತ ಮನೆಗಳಲ್ಲಿ ವಾರಸುದಾರಿಕೆ ಎಂಬ ಮಾತಿಗೆ ಬೇರೆಯೇ ಅರ್ಥವಿತ್ತು. ಮುಂದೆ ಸರ್ಕಾರ ಕೊಟ್ಟ ಪಟ್ಟಾಗಳು ಯಾವ ಸ್ಥಿತಿಯ ಮನೆಗಳನ್ನು ತಲುಪಿದವು ಎಂಬುದನ್ನು ತಿಳಿಯಲು ಇದನ್ನು ಮರೆಯುವಂತಿಲ್ಲ.

1948ರ ಸೆಪ್ಟೆಂಬರಿನ ಪೊಲೀಸ್ ಕಾರ್ಯಾಚರಣೆಯಿಂದ ಸಂಸ್ಥಾನ ಭಾರತ ಒಕ್ಕೂಟಕ್ಕೆ ಸೇರಿದ ಮೇಲೆ ಭೂಮಿಯ ಕಾನೂನುಗಳು ಒಂದರ ಹಿಂದೊಂದು ಬಂದವು. 1949ರಲ್ಲಿ ಜಾಗೀರುಗಳು ರದ್ದಾದವು. 1950ರ ಹೈದರಾಬಾದ್ ಗೇಣಿ ಮತ್ತು ಕೃಷಿ ಭೂಮಿ ಕಾಯ್ದೆ ಸಂರಕ್ಷಿತ ಗೇಣಿದಾರನೆಂಬ ಹೊಸ ವರ್ಗವನ್ನು ಗುರುತಿಸಿತು. ಗೇಣಿದಾರನಿಗೆ ರಕ್ಷಣೆ ಕೊಟ್ಟ ಈ ಕಾಯ್ದೆ ದಲಿತರ ಬಹುಪಾಲು ಮನೆಗಳನ್ನು ಮುಟ್ಟದೆ ಮುಂದೆ ಹೋಯಿತು, ಏಕೆಂದರೆ ಅವರು ಗೇಣಿದಾರರೇ ಆಗಿರಲಿಲ್ಲ. ಗೇಣಿಗೆ ಹೊಲ ಹಿಡಿಯಲು ಎತ್ತು, ಬೀಜ, ಮುಂಗಡ ಹಣ ಇರಬೇಕು, ಅವಿಲ್ಲದವರು ಕೂಲಿಗಳಾಗಿಯೋ ಜೀತದಾಳುಗಳಾಗಿಯೋ ಉಳಿದಿದ್ದರು. ಅವರ ಪಾಲಿಗೆ ತೆರೆದ ದಾರಿಯೆಂದರೆ ಸರ್ಕಾರಿ ಭೂಮಿಯ ಮಂಜೂರಾತಿ. ಊರಿನ ದನ ಮೇಯಲು ಬಿಟ್ಟ ಗಾಯರಾಣ, ಹಿಡುವಳಿದಾರ ಕಂದಾಯ ಕಟ್ಟಲಾರದೆ ಬಿಟ್ಟುಕೊಟ್ಟು ಸರ್ಕಾರಕ್ಕೆ ಮರಳಿದ ಖಾರಿಜ್ ಖಾತಾ, ಯಾರ ಹಿಡುವಳಿಗೂ ಸೇರದ ಪರಂಪೋಕು ಇವುಗಳಲ್ಲಿ ಸಾಗುವಳಿಗೆ ಯೋಗ್ಯವಾದುದನ್ನು ಭೂಹೀನರಿಗೆ ಹಂಚುವುದಕ್ಕೆ ಹೈದರಾಬಾದಿನ ಕಂದಾಯ ಪರಿಭಾಷೆಯಲ್ಲಿ ಲಾವಣಿ ಎಂಬ ಹೆಸರಿತ್ತು. ಹಾಡಿನ ಲಾವಣಿಯೇ ಬೇರೆ. ಲಾವಣಿ ಪಟ್ಟಾ ಪಡೆದ ಕುಟುಂಬದ ಹೆಸರು ಮೊದಲ ಬಾರಿಗೆ ಸರ್ಕಾರದ ಪುಸ್ತಕದಲ್ಲಿ ಭೂಮಿಯ ಒಡೆಯನ ಸಾಲಿನಲ್ಲಿ ಬರೆಯಲ್ಪಟ್ಟಿತು. ಆ ಕಾಗದದ ಘನತೆಯನ್ನು ಕಡಿಮೆ ಮಾಡಿ ನೋಡುವುದು ತಪ್ಪು. ಆದರೆ ಹೀಗೆ ಹಂಚಿಕೆಗೆ ಸಿಕ್ಕ ಭೂಮಿ ಬೇರೆಯವರು ಬೇಡವೆಂದು ಬಿಟ್ಟದ್ದು, ಗರಸು, ಕಲ್ಲು, ಹಳ್ಳದ ದಂಡೆ. ಅದನ್ನು ಹೊಲ ಮಾಡಲು ಒಂದು ತಲೆಮಾರಿನ ಬೆವರು ಬೇಕಿತ್ತು.

ಇದೇ ವರ್ಷಗಳಲ್ಲಿ ಸೀಮೆಯ ಚಹರೆಯನ್ನೇ ಬದಲಿಸಿದ ಇನ್ನೊಂದು ಘಟನೆ ನಡೆಯಿತು. 1945ರ ಫೆಬ್ರವರಿಯಲ್ಲಿ ಶಂಕುಸ್ಥಾಪನೆಯಾದ ತುಂಗಭದ್ರಾ ಅಣೆಕಟ್ಟಿನಿಂದ 1953ರಲ್ಲಿ ಕಾಲುವೆಗಳಿಗೆ ನೀರು ಹರಿಯಿತು. 227 ಕಿಲೋಮೀಟರ್ ಉದ್ದದ ಎಡದಂಡೆ ನಾಲೆ ಗಂಗಾವತಿಯನ್ನು ದಾಟಿ ಸಿಂಧನೂರು, ಮಾನ್ವಿ, ರಾಯಚೂರು ಕಡೆಗೆ ಸಾಗಿತು. ಬರಗಾಲದ ಸೀಮೆಗೆ ರಕ್ಷಣಾತ್ಮಕ ನೀರಾವರಿ ಒದಗಿಸುವುದು ಯೋಜನೆಯ ಮೂಲ ಉದ್ದೇಶ. ಅಂದರೆ ಸ್ವಲ್ಪ ನೀರನ್ನು ಹೆಚ್ಚು ಭೂಮಿಗೆ ತೆಳ್ಳಗೆ ಹರಡಿ, ಜೋಳ, ಹತ್ತಿ, ಶೇಂಗಾದಂಥ ಅರೆ ನೀರಾವರಿ ಬೆಳೆಗಳನ್ನು ಬರದಿಂದ ಕಾಪಾಡುವುದು. ಭತ್ತಕ್ಕೆ ಗೊತ್ತುಮಾಡಿದ ಭಾಗ ಚಿಕ್ಕದು. ಯಾವ ಸರ್ವೆ ನಂಬರಿಗೆ ಯಾವ ಬೆಳೆ ಎಂದು ಕಾಗದದ ಮೇಲೆ ನಿಗದಿ ಮಾಡುವ ಈ ಕ್ರಮವನ್ನು ಲೋಕಲೈಸೇಶನ್ ಎನ್ನುತ್ತಿದ್ದರು. ಕಾಗದ ಹೇಳಿದಂತೆ ನೀರು ಹರಿಯಲಿಲ್ಲ. ಕೃಷ್ಣಾ, ಗೋದಾವರಿ ಮುಖಜ ಭೂಮಿಯ ಭತ್ತದ ಬೇಸಾಯದಲ್ಲಿ ಪಳಗಿದ ಆಂಧ್ರದ ರೈತರು, ಅಲ್ಲಿ ಒಂದು ಎಕರೆ ಮಾರಿದ ಹಣಕ್ಕೆ ಇಲ್ಲಿ ಹಲವು ಎಕರೆ ಸಿಗುತ್ತಿದ್ದುದನ್ನು ಕಂಡು, 1950ರ ದಶಕದಿಂದಲೇ ಬಂದು ನೆಲೆಸಿದರು. ಅವರ ವಸತಿಗಳಿಗೆ ಕ್ಯಾಂಪ್ ಎಂಬ ಹೆಸರು ನಿಂತಿತು. ಇಂದಿಗೂ ಸಿಂಧನೂರು ತಾಲ್ಲೂಕಿನ ಎಷ್ಟೋ ಊರುಗಳ ಹೆಸರಿನ ಕೊನೆಯಲ್ಲಿ ಆ ಪದವಿದೆ. ಈ ನಾಲೆಯ ನೀರು ಹಂಚಿಕೆಯನ್ನು ದೀರ್ಘಕಾಲ ಅಧ್ಯಯನ ಮಾಡಿದ ಡಚ್ ಸಂಶೋಧಕ ಪೀಟರ್ ಮೊಲ್ಲಿಂಗಾ, ಮೇಲ್ಭಾಗದಲ್ಲಿ ಭತ್ತ ಹಬ್ಬಿದಂತೆ ಕೆಳಭಾಗಕ್ಕೆ ನೀರು ತಪ್ಪಿದ ಬಗೆಯನ್ನು ವಿವರವಾಗಿ ತೋರಿಸಿದ್ದಾರೆ.

ನೀರು ಬಂದ ಮಾತ್ರಕ್ಕೆ ಹೊಲ ಗದ್ದೆಯಾಗುವುದಿಲ್ಲ ಎಂಬುದು ಇಲ್ಲಿ ನಿರ್ಣಾಯಕವಾದ ಸಂಗತಿ. ಎರೆಭೂಮಿಯನ್ನು ಸಮತಟ್ಟು ಮಾಡಿ, ಮಡಿ ಕಟ್ಟಿ, ಹೊಲಗಾಲುವೆ ತೆಗೆದು, ಮೊದಲ ನಾಟಿಗೆ ಬೀಜ, ಗೊಬ್ಬರ, ಕೂಲಿ ಹೊಂದಿಸಲು ಆಗುವ ಖರ್ಚು ಅಂದಿನ ಖುಷ್ಕಿ ಭೂಮಿಯ ಬೆಲೆಗಿಂತ ಕಡಿಮೆಯಿರಲಿಲ್ಲ. ಖುಷ್ಕಿಯೆಂದರೆ ಮಳೆಯಾಶ್ರಿತ ಭೂಮಿ. ನೀರಾವರಿ ಭೂಮಿಗೆ ತರಿ ಎಂದು ಹೆಸರು. ಬ್ಯಾಂಕುಗಳು ಹಳ್ಳಿಗೆ ಇನ್ನೂ ಬಂದಿರಲಿಲ್ಲ. ಸಾಹುಕಾರನ ಬಳಿ ಆಗಲೇ ಸಾಲವಿತ್ತು. ಎರಡು ಎಕರೆ ಲಾವಣಿ ಭೂಮಿಯ ಒಡೆಯನಿಗೆ ನೀರಾವರಿಯ ಮೊದಲ ಫಲವಾಗಿ ಕಂಡದ್ದು ಬೆಳೆಯಲ್ಲ, ಭೂಮಿಯನ್ನು ಕೇಳಿಕೊಂಡು ಬಂದ ಖರೀದಿದಾರ. ಮಂಜೂರಾತಿಯ ಷರತ್ತು ಪರಭಾರೆಯನ್ನು, ಅಂದರೆ ಮಾರಾಟ, ಅಡವು, ದಾನ ಮುಂತಾದ ಯಾವುದೇ ರೀತಿಯ ವರ್ಗಾವಣೆಯನ್ನು, ಕೆಲವು ವರ್ಷಗಳವರೆಗೆ ಅಥವಾ ಶಾಶ್ವತವಾಗಿ ನಿಷೇಧಿಸಿದ್ದರೂ, ಸ್ಟಾಂಪು ಕಾಗದದ ಮೇಲಿನ ಒಪ್ಪಂದಕ್ಕೆ, ಬಾಯಿಮಾತಿನ ಅಡವಿಗೆ, ಹತ್ತಾರು ವರ್ಷದ ಲೀಜಿಗೆ ವಾಸ್ತವದಲ್ಲಿ ಯಾವ ಅಡ್ಡಿಯೂ ಇರಲಿಲ್ಲ. ಹೀಗೆ ಕೈಬಿಟ್ಟ ಭೂಮಿಯನ್ನು ಕುಡಿತಕ್ಕೆ ಕಳೆದರು, ಅಜ್ಞಾನದಿಂದ ಮಾರಿದರು ಎಂದು ಹೇಳುವ ರೂಢಿಯೊಂದಿದೆ. ಆ ಮಾತು ಅನ್ಯಾಯದ್ದು. ನೀರಾವರಿಯ ಬಂಡವಾಳ ಯಾರ ಬಳಿ ಇತ್ತೋ ಅವರಿಗೆ ಭೂಮಿ ಹರಿದುಹೋಯಿತು. ಹೊರಗಿನಿಂದ ಬಂದವರಿಗೂ ಹೋಯಿತು, ಸ್ಥಳೀಯ ಮೇಲ್ವರ್ಗದ ಹಿಡುವಳಿದಾರರಿಗೂ ಹೋಯಿತು. ತಂದೆ ಮಾರಿದ ಹೊಲದಲ್ಲೇ ಮಗಳು ನಾಟಿಗೆ ಕೂಲಿ ಹೋದಳು.

ಭೂಮಿಯ ಜೊತೆಗೆ ಉಳಿದುದನ್ನೂ ಕೊಟ್ಟರೆ ಏನಾಗುತ್ತದೆ ಎಂಬುದಕ್ಕೆ ಇದೇ ಬಯಲಿನಲ್ಲಿ ಇನ್ನೊಂದು ಉದಾಹರಣೆಯಿದೆ. ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿ ನಿರಾಶ್ರಿತರಿಗೆ ಸಿಂಧನೂರು ತಾಲ್ಲೂಕಿನಲ್ಲಿ ಪುನರ್ವಸತಿ ಕಲ್ಪಿಸಿ, ಮನೆ ಮತ್ತು ಸಾಗುವಳಿ ಭೂಮಿ ಕೊಡಲಾಯಿತು, ಆರ್.ಎಚ್. ಕ್ಯಾಂಪುಗಳೆಂದು ಪ್ರಸಿದ್ಧವಾದ ಆ ವಸತಿಗಳು ಇಂದು ಬೇಸಾಯಗಾರರ ಗ್ರಾಮಗಳಾಗಿ ನೆಲೆನಿಂತಿವೆ. ಅಲ್ಲಿನ ಬಹಳಷ್ಟು ಕುಟುಂಬಗಳು ನಾಮಶೂದ್ರ ಸಮುದಾಯಕ್ಕೆ ಸೇರಿದವು. ಪಶ್ಚಿಮ ಬಂಗಾಳದಲ್ಲಿ ಪರಿಶಿಷ್ಟ ಜಾತಿಯೆನಿಸಿದ ಈ ಸಮುದಾಯ ಕರ್ನಾಟಕದ ಪಟ್ಟಿಯಲ್ಲಿ ಇಲ್ಲದ ಕಾರಣ, ಅವರ ಮಕ್ಕಳಿಗೆ ಭೂಮಿ ಸಿಕ್ಕರೂ ಜಾತಿ ಪ್ರಮಾಣಪತ್ರ ಸಿಗದೆ ಹೋದುದು ಅವರ ಬಹುಕಾಲದ ಅಳಲು. ಒಂದೇ ಕಾಲುವೆಯ ಬಯಲಿನಲ್ಲಿ ಒಬ್ಬರಿಗೆ ಮೀಸಲಾತಿ ಇದ್ದು ಭೂಮಿ ಉಳಿಯದೆ, ಇನ್ನೊಬ್ಬರಿಗೆ ಭೂಮಿ ಉಳಿದು ಮೀಸಲಾತಿ ಇಲ್ಲದೆ ಹೋದುದನ್ನು ಸರ್ಕಾರದ ಎರಡು ಇಲಾಖೆಗಳ ನಡುವಣ ಅಂತರವೆಂದಷ್ಟೇ ನೋಡಿದರೆ ಸಾಲದು. ಮನೆ, ಹೊಲ, ಓದು, ಉದ್ಯೋಗ ಇವು ಜೊತೆಯಾಗಿ ಬಂದಾಗ ಮಾತ್ರ ಕುಟುಂಬವೊಂದು ಮೇಲೇಳುತ್ತದೆ.

1956ರಲ್ಲಿ ರಾಯಚೂರು ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ ನಂತರ, ಗ್ರಾಮ ಹುದ್ದೆಗಳನ್ನು ರದ್ದುಪಡಿಸುವ 1961ರ ಕಾಯ್ದೆಯಿಂದ ವಾಲಿಕಾರ, ತಳವಾರರ ಚಾಕರಿ ಭೂಮಿಗಳು ಅವರಿಗೇ ಮರುಮಂಜೂರಾಗುವ ಹಾದಿ ತೆರೆಯಿತು. ದೇವರಾಜ ಅರಸು ಅವರ ಸರ್ಕಾರ 1974ರ ಮಾರ್ಚ್ 1ರಿಂದ ಜಾರಿಗೆ ತಂದ ಭೂಸುಧಾರಣಾ ತಿದ್ದುಪಡಿ ಗೇಣಿ ಪದ್ಧತಿಯನ್ನೇ ಅಳಿಸಿತು. ಹಿಡುವಳಿಯ ಮಿತಿಗಿಂತ ಹೆಚ್ಚಿದ್ದುದರಿಂದ ಸರ್ಕಾರದ ವಶಕ್ಕೆ ಬಂದ ಭೂಮಿಯ ಅರ್ಧವನ್ನು ಪರಿಶಿಷ್ಟ ಜಾತಿ, ಪಂಗಡಗಳಿಗೆ ಮೀಸಲಿಡಬೇಕೆಂದಿತು. ಆದರೆ ಹೆಚ್ಚುವರಿಯೆಂದು ಘೋಷಣೆಯಾದ ಭೂಮಿ ವಾಸ್ತವವಾಗಿ ಕೈಗೆ ಬರಬೇಕಾದರೆ ನ್ಯಾಯಮಂಡಳಿ, ಮೇಲ್ಮನವಿ, ತಡೆಯಾಜ್ಞೆಗಳನ್ನು ದಾಟಬೇಕಿತ್ತು, ಮತ್ತು ಸಿಂಧನೂರು ತಾಲ್ಲೂಕಿನ ಭೂಹೀನರ ಸಂಘಟನೆಗಳು ಇದಕ್ಕಾಗಿ ದಶಕಗಳ ಕಾಲ ಬೀದಿಯಲ್ಲಿ ನಿಲ್ಲಬೇಕಾಯಿತು.

ಈ ಇತಿಹಾಸದಲ್ಲಿ ಎಲ್ಲಕ್ಕಿಂತ ದಿಟ್ಟವಾದ ಕಾನೂನು 1978ರದು. ಪರಿಶಿಷ್ಟ ಜಾತಿ ಮತ್ತು ಪರಿಶಿಷ್ಟ ಪಂಗಡಗಳ ಕೆಲವು ಜಮೀನುಗಳ ಪರಭಾರೆ ನಿಷೇಧ ಕಾಯ್ದೆ ಎಂಬ ಉದ್ದ ಹೆಸರಿನ, ಜನರ ಬಾಯಲ್ಲಿ ಪಿಟಿಸಿಎಲ್ ಎಂದೇ ಕರೆಯಲ್ಪಡುವ ಇದು 1979ರ ಜನವರಿ 1ರಿಂದ ಜಾರಿಗೆ ಬಂತು. ಮಂಜೂರಾತಿಯ ಷರತ್ತನ್ನು ಮುರಿದು ನಡೆದ ಮಾರಾಟ, ಅದು ಕಾಯ್ದೆ ಬರುವುದಕ್ಕೆ ಮೊದಲೇ ನಡೆದಿದ್ದರೂ, ಶೂನ್ಯ. ಮುಂದಿನ ಯಾವ ಮಾರಾಟಕ್ಕೂ ಸರ್ಕಾರದ ಪೂರ್ವಾನುಮತಿ ಬೇಕು. ಮೂಲ ಮಂಜೂರಾತಿದಾರನಾಗಲಿ ಅವನ ವಾರಸುದಾರರಾಗಲಿ ಅಲ್ಲದ ಬೇರೆಯವರ ಸ್ವಾಧೀನದಲ್ಲಿ ಭೂಮಿ ಕಂಡುಬಂದರೆ, ಅದು ಶೂನ್ಯ ವರ್ಗಾವಣೆಯಿಂದಲೇ ಬಂದುದೆಂದು ಭಾವಿಸಿ, ಹಾಗಲ್ಲವೆಂದು ಸಾಧಿಸುವ ಹೊಣೆಯನ್ನು ಸ್ವಾಧೀನದಾರನ ಮೇಲೆ ಹೊರಿಸಬೇಕು. ಭೂಮಿಯನ್ನು ವಶಕ್ಕೆ ತೆಗೆದುಕೊಂಡು ಮೂಲದವರಿಗೆ ಮರಳಿಸುವ ಅಧಿಕಾರ ಸಹಾಯಕ ಆಯುಕ್ತರದು. ಸಿಂಧನೂರು, ಲಿಂಗಸುಗೂರು, ಮಸ್ಕಿಯ ಕುಟುಂಬಗಳಿಗೆ ಆ ಕಚೇರಿಯ ಬಾಗಿಲು ಲಿಂಗಸುಗೂರಿನಲ್ಲಿದೆ. ಸಂಪೂರ್ಣ ಒಡೆತನವೆಂದರೆ ಮಾರುವ ಹಕ್ಕೂ ಸೇರಿದ್ದು, ಅದನ್ನು ಕಿತ್ತುಕೊಳ್ಳುವುದು ದಲಿತನನ್ನು ಅರೆ ಒಡೆಯನನ್ನಾಗಿ ಮಾಡಿದಂತೆ ಎಂಬ ಆಕ್ಷೇಪಕ್ಕೆ ತೂಕವಿಲ್ಲದಿಲ್ಲ. ಆದರೆ ಮಾರಾಟಕ್ಕೆ ವಾಸ್ತವದಲ್ಲಿ ತಡೆಯಿಲ್ಲದಿದ್ದ ಇಪ್ಪತ್ತೈದು ವರ್ಷಗಳಲ್ಲಿ ಈ ಬಯಲಿನಲ್ಲಿ ನಡೆದುದನ್ನು ಗಮನಿಸಿದರೆ, ಕಾಯ್ದೆ ಕಾಪಾಡಲು ಹೊರಟಿದ್ದು ಒಬ್ಬ ಮನುಷ್ಯನ ಒಡೆತನಕ್ಕಿಂತ ಹೆಚ್ಚಾಗಿ ಇನ್ನೂ ಹುಟ್ಟದಿದ್ದ ಮೊಮ್ಮಕ್ಕಳ ಪಾಲನ್ನು ಎಂಬುದು ತಿಳಿಯುತ್ತದೆ. 1984ರಲ್ಲಿ, ಕಾಯ್ದೆಯ ಸಿಂಧುತ್ವವನ್ನು ಪ್ರಶ್ನಿಸಿದ ಮಂಚೇಗೌಡ ಪ್ರಕರಣದಲ್ಲಿ, ಸುಪ್ರೀಂ ಕೋರ್ಟ್ ಕಾಯ್ದೆಯನ್ನು ಎತ್ತಿಹಿಡಿಯಿತು.

ಕಾಯ್ದೆಯಲ್ಲಿ ಒಂದು ಬಿರುಕು ಮೊದಲಿನಿಂದಲೂ ಇತ್ತು. ಮಂಜೂರು ಭೂಮಿ ಎಂಬುದರ ವ್ಯಾಖ್ಯೆ ವಂಶಪಾರಂಪರ್ಯ ಹುದ್ದೆಗಳಿಗೆ ಸಂಬಂಧಿಸಿದ ಭೂಮಿಯನ್ನು ಹೊರಗಿಟ್ಟಿತು. ಹಾಗಾಗಿ ವಾಲಿಕಾರನ ಚಾಕರಿ ಭೂಮಿ, ಅಂದರೆ ಈ ಸೀಮೆಯ ದಲಿತರಿಗೆ ಎಲ್ಲಕ್ಕಿಂತ ಹಳೆಯದಾಗಿ ಬಂದ ಭೂಮಿ, ಈ ರಕ್ಷಣೆಯ ಆಚೆ ಉಳಿಯಿತು. ಅದಕ್ಕೆ ಗ್ರಾಮ ಹುದ್ದೆ ಕಾಯ್ದೆಯ 1978ರ ತಿದ್ದುಪಡಿಯ ಹದಿನೈದು ವರ್ಷಗಳ ಪರಭಾರೆ ನಿಷೇಧವೇ ಆಸರೆಯಾಗಿತ್ತು. ಎರಡನೆಯ ಪೆಟ್ಟು 2017ರಲ್ಲಿ ಬಂತು: ಭೂಮಿಯನ್ನು ಮರಳಿ ಕೇಳುವ ಅರ್ಜಿಗೆ ಕಾಯ್ದೆ ಕಾಲಮಿತಿ ಹೇಳದಿದ್ದರೂ ಅದು ಸಮಂಜಸ ಅವಧಿಯೊಳಗೆ ಬರಬೇಕೆಂದು ಸುಪ್ರೀಂ ಕೋರ್ಟ್ ಹೇಳಿ, 25 ವರ್ಷ ತಡವಾಗಿ ಬಂದ ಅರ್ಜಿಯೊಂದನ್ನು ಒಪ್ಪದೆ ಹೋಯಿತು. ಓದು ಬಾರದ ಅಜ್ಜನ ಕೈತಪ್ಪಿದ ಭೂಮಿಯನ್ನು ಓದು ಕಲಿತ ಮೊಮ್ಮಗ ಕೇಳುವುದೇ ಈ ಪ್ರಕರಣಗಳ ಸಹಜ ಸ್ವರೂಪವಾದುದರಿಂದ, ತಡವೆಂಬ ಕಾರಣಕ್ಕೆ ರಾಜ್ಯದೆಲ್ಲೆಡೆ ಅರ್ಜಿಗಳು ಬಿದ್ದುಹೋಗತೊಡಗಿದವು. ದಲಿತ ಸಂಘಟನೆಗಳು ಬೆಂಗಳೂರಿನಲ್ಲಿ ದೀರ್ಘ ಧರಣಿ ನಡೆಸಿದ ಮೇಲೆ, 2023ರ ಜುಲೈಯಲ್ಲಿ ವಿಧಾನಮಂಡಲ ಕಾಲಮಿತಿ ಅನ್ವಯಿಸದೆಂದು ತಿದ್ದುಪಡಿ ಮಾಡಿತು.

ಇದಕ್ಕೆ ಸಮಾನವಾದ ಚರಿತ್ರೆ ಅಮೆರಿಕದ ಕಪ್ಪು ಜನರದು. ಅಂತರ್ಯುದ್ಧದ ಕೊನೆಯಲ್ಲಿ, 1865ರ ಜನವರಿಯಲ್ಲಿ, ಸೇನಾಪತಿ ಶೆರ್ಮನ್ ಹೊರಡಿಸಿದ ಆದೇಶ ಕರಾವಳಿಯ ಭೂಮಿಯನ್ನು ಗುಲಾಮಗಿರಿಯಿಂದ ಬಿಡುಗಡೆಯಾದ ಕುಟುಂಬಗಳಿಗೆ 40 ಎಕರೆಯವರೆಗೆ ಹಂಚಲು ಹೇಳಿತು. ಅದೇ ವರ್ಷ ಅಧ್ಯಕ್ಷ ಆಂಡ್ರ್ಯೂ ಜಾನ್ಸನ್ ಆ ಭೂಮಿಯನ್ನು ಹಳೆಯ ಒಡೆಯರಿಗೆ ಮರಳಿಸಿದರು. ಒಂದೂವರೆ ಶತಮಾನದ ಬಳಿಕ, 2021ರಲ್ಲಿ, ಇಲಿನಾಯ್ಸ್ ರಾಜ್ಯದ ಎವನ್‌ಸ್ಟನ್ ನಗರ, 1919ರಿಂದ 1969ರವರೆಗೆ ವಸತಿ ತಾರತಮ್ಯ ಅನುಭವಿಸಿದ ಕಪ್ಪು ನಿವಾಸಿಗಳಿಗೆ ಮತ್ತು ಅವರ ಸಂತತಿಗೆ ಮನೆ ಕೊಳ್ಳಲು, ದುರಸ್ತಿ ಮಾಡಲು 25,000 ಡಾಲರ್ ಅನುದಾನ ಕೊಡಲು ಒಪ್ಪಿತು. 1972ರಲ್ಲಿ ಮುಂಬಯಿಯ ದಲಿತ ಪ್ಯಾಂಥರ್ಸ್ ತಮ್ಮ ಹೆಸರನ್ನು ಅಮೆರಿಕದ ಬ್ಲ್ಯಾಕ್ ಪ್ಯಾಂಥರ್ ಪಕ್ಷದಿಂದ ತೆಗೆದುಕೊಂಡಾಗಲೇ ಈ ನಂಟನ್ನು ದಲಿತ ಚಳವಳಿ ಕಂಡುಕೊಂಡಿತ್ತು. ವ್ಯತ್ಯಾಸವೆಂದರೆ, ಅಲ್ಲಿ ಕೊಟ್ಟದ್ದನ್ನು ಸರ್ಕಾರವೇ ಕಿತ್ತುಕೊಂಡಿತು; ಇಲ್ಲಿ ಸರ್ಕಾರ ಕೊಟ್ಟಿತು, ಮಾರುಕಟ್ಟೆ ತೆಗೆದುಕೊಂಡಿತು, ಅದನ್ನು ಹಿಂದಿರುಗಿಸಲು ಸರ್ಕಾರವೇ ಕಾಯ್ದೆ ಮಾಡಿತು.

ಹೆಣ್ಣುಮಕ್ಕಳ ಪಾಲು ಈ ಕಥೆಯಲ್ಲಿ ಬಹುಕಾಲ ಕಾಣಿಸುವುದೇ ಇಲ್ಲ. ಲಾವಣಿ ಪಟ್ಟಾ ಬಹುತೇಕ ಗಂಡಸಿನ ಹೆಸರಿಗೆ ಬಂದಿತ್ತು. ದೇವದಾಸಿ ಬಿಡುವ ಪದ್ಧತಿ ಗಾಢವಾಗಿದ್ದ ಈ ಜಿಲ್ಲೆಯಲ್ಲಿ, ತಂದೆಯ ಹೆಸರಿಲ್ಲದ ಮಕ್ಕಳಿಗೆ ತಂದೆಯ ಕಡೆಯ ಭೂಮಿ ಬರುವ ಮಾತೇ ಇರಲಿಲ್ಲ. ದೇವದಾಸಿ ಸಮರ್ಪಣೆಯನ್ನು ನಿಷೇಧಿಸುವ ಕಾಯ್ದೆ 1982ರಲ್ಲಿ ಆಯಿತು, ಆಮೇಲಿನ ಎರಡು ಸಮೀಕ್ಷೆಗಳು ಸೇರಿ ರಾಜ್ಯದಲ್ಲಿ 46,660 ಮಾಜಿ ದೇವದಾಸಿಯರನ್ನು ಗುರುತಿಸಿದವು. ಅವರಲ್ಲಿ ಬಹುಪಾಲು ದಲಿತ ಮಹಿಳೆಯರು. 1975ರಲ್ಲಿ ಸ್ಥಾಪನೆಯಾಗಿ ಮುಂದೆ ಡಾ. ಬಿ.ಆರ್. ಅಂಬೇಡ್ಕರ್ ಅಭಿವೃದ್ಧಿ ನಿಗಮವೆಂಬ ಹೆಸರು ಪಡೆದ ಸಂಸ್ಥೆಯ ಭೂ ಒಡೆತನ ಯೋಜನೆ ಈ ಕೊರತೆಯನ್ನು ನೇರವಾಗಿ ಮುಟ್ಟಿತು. ಭೂರಹಿತ ಕೃಷಿ ಕೂಲಿ ಮಹಿಳೆಯ ಹೆಸರಿಗೇ ಕನಿಷ್ಠ 2 ಎಕರೆ ಖುಷ್ಕಿ ಅಥವಾ 1 ಎಕರೆ ತರಿ ಭೂಮಿಯನ್ನು, ಮಾರಲು ಒಪ್ಪಿದ ಒಡೆಯರಿಂದ ಕೊಂಡು ನೋಂದಣಿ ಮಾಡಿಸುವ ಈ ಯೋಜನೆಯಲ್ಲಿ ಬೆಲೆಯ ಅರ್ಧ ಸಹಾಯಧನ, ಇನ್ನರ್ಧ ಕಡಿಮೆ ಬಡ್ಡಿಯ ಸಾಲ. ಲಾವಣಿ ಭೂಮಿ ಬೇಡದ ಭೂಮಿಯಾಗಿದ್ದರೆ, ಇದು ಕೊಂಡು ಕೊಟ್ಟ ಭೂಮಿ. ಗಂಗಾ ಕಲ್ಯಾಣ ಯೋಜನೆಯ ಕೊಳವೆಬಾವಿ ಜೊತೆಗೂಡಿದರೆ 1950ರ ದಶಕದಲ್ಲಿ ಇಲ್ಲದಿದ್ದ ಬಂಡವಾಳವೂ ಸ್ವಲ್ಪಮಟ್ಟಿಗೆ ಬಂದಂತೆ. ಆದರೆ ಘಟಕ ವೆಚ್ಚಕ್ಕೆ ಮಿತಿಯಿರುವುದರಿಂದ, ಸಿಂಧನೂರಿನ ನಾಲೆಯ ಬದಿಯ ಗದ್ದೆ ಈ ಯೋಜನೆಯ ಕೈಗೆಟುಕುವುದು ಕಷ್ಟ. ಅಜ್ಜ ಮಾರಿದ ನೀರಾವರಿ ಬಯಲಿಗೆ ಮೊಮ್ಮಗಳು ಮರಳಲಾಗದೆ, ಮಸ್ಕಿ ಮತ್ತು ಲಿಂಗಸುಗೂರಿನ ಮಳೆಯಾಶ್ರಿತ ಹೊಲಗಳ ಕಡೆಗೇ ನೋಡಬೇಕಾಗುತ್ತದೆ. 2013ರಲ್ಲಿ ರಾಜ್ಯ ಮಾಡಿದ ಉಪಯೋಜನೆ ಕಾಯ್ದೆ ಅಭಿವೃದ್ಧಿ ಬಜೆಟ್ಟಿನ ಶೇಕಡ 24.10ರಷ್ಟನ್ನು ಪರಿಶಿಷ್ಟರ ಜನಸಂಖ್ಯೆಗೆ ಅನುಗುಣವಾಗಿ ಮೀಸಲಿಟ್ಟಿದ್ದರೂ, ಅದರಲ್ಲಿ ಭೂಮಿಯಂಥ ಉಳಿಯುವ ಆಸ್ತಿಗೆ ಹೋಗುವ ಪಾಲು ಇನ್ನೂ ಹಿರಿದಾಗಬೇಕಿತ್ತು.

ಲಿಂಗಸುಗೂರು ತಾಲ್ಲೂಕಿನ ಹಟ್ಟಿಯ ಚಿನ್ನದ ಗಣಿ ಭೂಮಿಯ ಹೊರಗಿನ ಒಂದು ದಾರಿಯಾಗಿತ್ತು. 1947ರಲ್ಲಿ ಸ್ಥಾಪನೆಯಾದ ಆ ಕಂಪನಿಯಲ್ಲಿ ಕಾಯಂ ಕೆಲಸ ಹಿಡಿದ ಮನೆಗೆ ತಿಂಗಳ ಸಂಬಳ, ಭವಿಷ್ಯ ನಿಧಿ, ಮಕ್ಕಳ ಶಾಲೆ ಒದಗಿದವು, ಮತ್ತು ಅಲ್ಲಿಂದ ಬಂದ ಉಳಿತಾಯ ಹೊಲವಾಗಿ, ಮನೆಯಾಗಿ ಮಾರ್ಪಟ್ಟದ್ದೂ ಉಂಟು. ಆದರೆ ಗಣಿ ಕೆಲವರನ್ನಷ್ಟೇ ತೆಗೆದುಕೊಳ್ಳುತ್ತದೆ; ಉಳಿದವರು ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಗುಳೆ ಹೋಗುತ್ತಾರೆ.

ಇನ್ನು ಮಸ್ಕಿಯ ಸಂಗತಿ. 1915ರಲ್ಲಿ ಬೀಡನ್ ಎಂಬ ಗಣಿ ಎಂಜಿನಿಯರ್ ಮಸ್ಕಿಯ ಬೆಟ್ಟದಲ್ಲಿ ಕಂಡ ಅಶೋಕನ ಶಾಸನ ಇತರ ಶಾಸನಗಳ ದೇವಾನಾಂಪ್ರಿಯನೆಂದರೆ ಅಶೋಕನೇ ಎಂಬುದನ್ನು ಖಚಿತಪಡಿಸಿತೆಂದು ಪ್ರಸಿದ್ಧವಾಗಿದೆ. ಅದೇ ಶಾಸನ ಧರ್ಮದ ಫಲ ದೊಡ್ಡವರಿಗೆ ಮಾತ್ರವಲ್ಲ, ಚಿಕ್ಕವರಿಗೂ ದಕ್ಕುತ್ತದೆಂದು ಸಾರುವುದು ಅಷ್ಟಾಗಿ ಚರ್ಚೆಗೆ ಬಂದಿಲ್ಲ. ಆ ಬೆಟ್ಟದ ಸುತ್ತಣ ಎರೆಹೊಲಗಳು ಬಹುತೇಕ ಇಂದಿಗೂ ಮಳೆಯನ್ನು ನಂಬಿವೆ. ನಾರಾಯಣಪುರ ಬಲದಂಡೆಯ 5ಎ ಕಾಲುವೆಯ ನೀರಿಗಾಗಿ ಮಸ್ಕಿ ತಾಲ್ಲೂಕಿನ ಪಾಮನಕಲ್ಲೂರಿನಲ್ಲಿ 2020ರ ಕೊನೆಯಿಂದ ರೈತರು ತಿಂಗಳುಗಟ್ಟಲೆ ಧರಣಿ ಕೂತದ್ದು ಅದಕ್ಕಾಗಿ. ಈ ತಾಲ್ಲೂಕಿನ ಮಂಜೂರು ಭೂಮಿಯಲ್ಲಿ ಎಷ್ಟೋ ಭಾಗ ಮೊದಲ ಕುಟುಂಬದ ಕೈಯಲ್ಲೇ ಉಳಿದಿರುವುದಕ್ಕೆ ಕಾನೂನಿನಷ್ಟೇ ನೀರಿಲ್ಲದಿರುವುದೂ ಕಾರಣ: ಕೇಳಿಕೊಂಡು ಬರುವವರು ಇರಲಿಲ್ಲ. ಕಾಲುವೆ ಬಂದರೆ ಸಿಂಧನೂರಿನಲ್ಲಿ 1953ರಲ್ಲಿ ಆರಂಭವಾದುದೇ ಇಲ್ಲಿಯೂ ಆರಂಭವಾಗುತ್ತದೆ, ಈ ಬಾರಿ ಪರಭಾರೆ ನಿಷೇಧ ಜಾರಿಯಲ್ಲಿರುವಾಗ. ಹಾಗಾಗಿ ಆ ಊರುಗಳಲ್ಲಿ ನೀರಿಗಿಂತ ಮೊದಲು ಆಗಬೇಕಾದ ಕೆಲಸ ಒಂದಿದೆ. ಅಜ್ಜ ತೀರಿಕೊಂಡು ದಶಕಗಳಾದರೂ ಪಹಣಿಯ 9ನೇ ಕಾಲಮಿನಲ್ಲಿ ಅಜ್ಜನ ಹೆಸರೇ ಇದ್ದು, 12ನೇ ಕಾಲಮಿನ ಸಾಗುವಳಿದಾರ ಬೇರೆಯವನಾಗಿರುವ ಹೊಲಗಳಲ್ಲಿ, ಫೌತಿ ಖಾತೆ, ಅಂದರೆ ವಾರಸುದಾರರ ಹೆಸರಿಗೆ ಖಾತಾ ಬದಲಾವಣೆ, ಮಾಡಿಸಿ ಗಂಡುಮಕ್ಕಳ ಜೊತೆಗೆ ಹೆಣ್ಣುಮಕ್ಕಳ ಹೆಸರನ್ನೂ ಬರೆಸುವುದು.